ಪುರಾವೆ ಮೇಷ್ಟ್ರೂ ತಿರುಗದ ಫ್ಯಾನೂ

ಒಂದಾನೊಂದು ಕಾಲದಲ್ಲಿ ಒಂದು ಕಾರಿತ್ತು. ಅದರ ಹೊಟ್ಟೆಯೊಳಗೆ ಒಬ್ಬ ರಾಕ್ಷಸನಿದ್ದ. ಸಮತಟ್ಟಾದ ರಸ್ತೆಯಲ್ಲಿ ಎದುರುಗಾಳಿ ಬೀಸುತ್ತಿರುವಷ್ಟು ಹೊತ್ತು ಅವನು ತೆಪ್ಪಗೆ ಮಲಗಿರುತ್ತಿದ್ದ. ಏರು ಬಂದರೆ ಅಥವಾ ಮುಂದೊಂದು ಲಾರಿ ಅಡ್ಡ ನಿಂತರೆ ಎದ್ದು ಕುಳಿತು, ಬುಸುಗುಟ್ಟಿ, ಕಿವಿ ಮೂಗುಗಳಿಂದ ಹಬೆ ಬಿಟ್ಟು, ಒಳಗಿದ್ದವರನ್ನೆಲ್ಲ ರಸ್ತೆಗಿಳಿಸುತ್ತಿದ್ದ. ಅವನನ್ನು ತಣ್ಣಗಿಡಲೆಂದೇ ರೇಡಿಯೇಟರಿನ ಹಿಂದೆ ಜೋಡಿ ಫ್ಯಾನುಗಳನ್ನು ಕಾವಲಿಗಿಟ್ಟಿದ್ದರು. ಆ ಕಾವಲುಗಾರರೋ, ಬೇಕಾದ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗುತ್ತಿದ್ದರು. ಕಾರಿನ ಒಡೆಯರು ಯಾರೆಂದರೆ, ಕಾರುಗಳ ವೈರಿಂಗ್ ಕಲಿಸುವ ಮೇಷ್ಟ್ರು.

ನನ್ನ ಅಜ್ಜಿಯ ಬಾಯಲ್ಲಾಗಿದ್ದರೆ ಈ ಲೇಖನ ಕೊನೆಯವರೆಗೂ ಹೀಗೆಯೇ ಸಾಗುತ್ತಿತ್ತು. ಈ ಅಭಿನಂದನಾ ಸಂಪುಟದ ಸಂಪಾದಕರು ನನ್ನಿಂದ ಬಯಸಿದ್ದು ಗುರುಗಳ ಬೋಧನಾಕ್ರಮವನ್ನು ಕುರಿತ ಗಂಭೀರ ಬರಹವನ್ನು. ವಾಹನಗಳ ವಿದ್ಯುತ್ ಜೋಡಣೆಯನ್ನು ಕಲಿಸುವ ನಮ್ಮ ತರಬೇತಿ ಸಂಸ್ಥೆಯ ಒಂದೇ ಶೆಡ್ಡಿನಲ್ಲಿ ತಮ್ಮ ಸೇವಾವಧಿಯನ್ನೆಲ್ಲ ಕಳೆದು ಈಗ ನಿವೃತ್ತರಾಗುತ್ತಿರುವ ನಮ್ಮ ಗುರುಗಳಿಗೆ ಈ ವಿದ್ಯೆಯಲ್ಲಿ ಯಾವ ಸ್ಥಾನವಿದೆಯೆಂದು ತಿಳಿಯಬಯಸುವವರು ಊರಿನ ಯಾವುದೇ ಗ್ಯಾರೇಜಿಗೆ ಹೋಗಿ, ವೈರು ಹಿಡಿದು ಕುಳಿತವರಿಗೆ, ಈ ರಿಲೇ ಬದಲಾಯಿಸಿಬಿಡಿ ಎಂದು ಹೇಳಿ ನೋಡಬಹುದು. ಅವರು ತಲೆಯೆತ್ತಿ "ಪುರಾವೆ ಏನು?" ಎಂದು ಕೇಳಿದರೆ ನಮ್ಮ ಗುರುಗಳ ಶಿಷ್ಯರೆಂದು ಧಾರಾಳವಾಗಿ ನಂಬಬಹುದು. ಪುರಾವೆಯಿಲ್ಲದೆ ಒಂದು ಫ್ಯೂಸನ್ನೂ ಬದಲಿಸಗೊಡದ, ಬದಲಿಸಿದವರನ್ನು ಊಟದ ಬಿಡುವು ಕಳೆದರೂ ಬಿಡದೆ ಪ್ರಶ್ನಿಸುವ ಈ ಮಹನೀಯರಿಗೆ 'ಪುರಾವೆ ಮೇಷ್ಟ್ರು' ಎಂಬ ಬಿರುದು ಯಾವ ತಂಡದ ವಿದ್ಯಾರ್ಥಿಗಳಿಂದ ಬಂತೆಂಬುದು ಇನ್ನೂ ನಿರ್ಧಾರವಾಗಿಲ್ಲ. ಅದಕ್ಕೂ ಪುರಾವೆ ಬೇಕಲ್ಲ.

ಇಂಥವರ ಸ್ವಂತ ಕಾರು ಏರಿನಲ್ಲಿ ಕುದಿಯುತ್ತಿತ್ತು. ಈ ಲೇಖನ ಸಂಪಾದಕರ ತಾಳ್ಮೆಯನ್ನು ಪರೀಕ್ಷಿಸುವಷ್ಟು ತಡವಾದದ್ದು ಅದರಿಂದಲೇ. ಅದೆಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ; ಕ್ರಮ ತಪ್ಪಿದರೆ ಗುರುಗಳು ಸನ್ಮಾನದ ಶಾಲು ಹೊದ್ದುಕೊಂಡೇ ವೇದಿಕೆಯಿಂದ ತಿದ್ದಿಯಾರು.

ನಾನು ಆ ಶೆಡ್ಡಿಗೆ ವಿದ್ಯಾರ್ಥಿನಿಯಾಗಿ ಕಾಲಿಟ್ಟಾಗ ನನಗೆ ತಿಳಿದಿದ್ದುದು ಅಜ್ಜಿ ಹೇಳಿದ ಕತೆಗಳು ಮಾತ್ರ. ತರಗತಿಯ ಆರಂಭದಲ್ಲೇ ಗುರುಗಳು ಬಿಚ್ಚಿದ ವೈರುಗಳ ಗೊಂಚಲೊಂದನ್ನು ನನ್ನ ಮುಂದೆ ಹಿಡಿದು, ಫ್ಯಾನಿಗೆ ಕರೆಂಟು ಹೇಗೆ ಹೋಗುತ್ತದೆ ಎಂದು ಕೇಳಿದರು. ನಾನು ಬ್ಯಾಟರಿಯೆಂಬ ಅರಸನಿಂದ ಶುರು ಮಾಡಿದೆ. ಅವನ ದೂತ ಅರಮನೆಯಿಂದ ಹೊರಟು, ಫ್ಯೂಸೆಂಬ ಸುಂಕದ ಕಟ್ಟೆಯನ್ನು ದಾಟಿ, ರಿಲೇಯೆಂಬ ಎತ್ತುಸೇತುವೆಯ ಬಳಿ ಕಾಯುತ್ತಾನೆ. ನೀರು ಬಿಸಿಯಾಯಿತೆಂದು ಸೆನ್ಸರು ಕೂಗಿ ಹೇಳಿದೊಡನೆ ಸೇತುವೆ 'ಟಕ್' ಎಂದು ಇಳಿಯುತ್ತದೆ. ದೂತ ಓಡಿಹೋಗಿ ಫ್ಯಾನನ್ನು ಎಬ್ಬಿಸುತ್ತಾನೆ. ಜೊತೆಯ ಹುಡುಗರು ಮುಖ ಮುಚ್ಚಿಕೊಂಡು ನಕ್ಕರು. ಗುರುಗಳು ನಗದೆ ಕೊನೆಯವರೆಗೂ ಕೇಳಿ, "ಕತೆ ಚೆನ್ನಾಗಿದೆಯಮ್ಮ. ಆದ್ರೆ ಹೋದವನು ವಾಪಸ್ ಬರೋ ದಾರಿ ಹೇಳ್ಲೇ ಇಲ್ಲ ನೀನು" ಎಂದರು. ಮನೆಗೆ ಮರಳುವ ದಾರಿಯೆಂದರೆ ಅರ್ತ್ ವೈರು. ಫ್ಯಾನಿನಿಂದ ಹೊರಟು ಕಾರಿನ ಕಬ್ಬಿಣದ ಮೈಗೆ ಒಂದು ಬೋಲ್ಟಿನಿಂದ ಬಿಗಿದಿರುವ ಕಪ್ಪು ವೈರು. ಅದು ಕಡಿದರೆ ಕರೆಂಟು ಹೊರಡುವುದೇ ಇಲ್ಲ. ಅಂದು ನನಗೆ 'ಅಜ್ಜಿಕತೆ' ಎಂಬ ಹೆಸರು ಬಿತ್ತು. ಅಂದು ಸಂಜೆಯೇ ಗುರುಗಳು ತಮ್ಮ ಸ್ವಂತದ ಟೆಸ್ಟ್ ಲ್ಯಾಂಪನ್ನು, ಅಂದರೆ ಎರಡು ವೈರಿಗೆ ಕಟ್ಟಿದ ಪುಟ್ಟ ಬಲ್ಬನ್ನು, ನನ್ನ ಕೈಗಿತ್ತು, ಮೀಟರು ಸುಳ್ಳು ಹೇಳಬಹುದು, ಬಲ್ಬು ಹೇಳುವುದಿಲ್ಲ ಎಂದರು. ಅದು ಇಂದಿಗೂ ನನ್ನ ಬಳಿಯಿದೆ.

ಅವರ ಬೋಧನಾಕ್ರಮವೆಂದರೆ ಸ್ಥೂಲವಾಗಿ ವಂಚನೆ. ಪರೀಕ್ಷೆಯ ಹಿಂದಿನ ಸಂಜೆ ತಮ್ಮ ಸ್ವಂತ ಕಾರಿನಲ್ಲಿ ಎಲ್ಲಾದರೂ ಒಂದು ದೋಷವನ್ನು ಬಚ್ಚಿಟ್ಟು, ಮಾರನೆಯ ದಿನ ಅಮಾಯಕರಂತೆ ಸ್ಟೂಲಿನ ಮೇಲೆ ಕುಳಿತು ನಮ್ಮ ಪರದಾಟವನ್ನು ನೋಡುವುದು ಅವರ ಪದ್ಧತಿ. ತಾಮ್ರಕ್ಕೂ ಕಬ್ಬಿಣಕ್ಕೂ ಸಂಪರ್ಕ ತಪ್ಪಿಸಲು ನೀಲಿ ಪ್ಲಾಸ್ಟಿಕ್ಕಿನ ತೆಳುವಾದ ಬಿಲ್ಲೆಗಳನ್ನು ವಾಷರಿನಂತೆ ದುಂಡಗೆ ಕತ್ತರಿಸಿ ನಡುವೆ ತೂರಿಸುತ್ತಿದ್ದರು. ನೀಲಿ ಬಿಲ್ಲೆ ಸಿಕ್ಕಿದವರು ಗೆದ್ದ ಹಾಗೆ. ರಿಪೇರಿಯಾಯಿತೆಂದು ಬಾಯಿಮಾತಿನಲ್ಲಿ ಹೇಳಿದರೆ ಒಪ್ಪುವವರಲ್ಲ. ಕಾರಿನ ಮೂತಿಯ ಜಾಲರಿಗೆ ಒಂದು ಕಾಗದ ಹಿಡಿಯಬೇಕು, ಫ್ಯಾನು ಗಾಳಿಯೆಳೆದು ಆ ಕಾಗದ ತಾನಾಗಿ ಅಂಟಿಕೊಂಡು ನಿಲ್ಲಬೇಕು. ಇನ್ನೊಂದು ನೇಮವೂ ಇತ್ತು. ಬಾನೆಟ್ ತೆರೆದೊಡನೆ ಯಾರೇ ಆಗಲಿ ಮೊದಲು ಬ್ಯಾಟರಿಯ ವೈರು ಬಿಚ್ಚಿ, ಬ್ಯಾಟರಿಯನ್ನು ಎತ್ತಿ, ಅದರ ತುದಿಗಳನ್ನು ಉಜ್ಜಿ, ಮತ್ತೆ ತಟ್ಟೆಯಲ್ಲಿ ಅದುಮಿ ಕೂರಿಸಬೇಕು. ಅಲ್ಲಿಯವರೆಗೆ ಬೇರೆ ಯಾವುದನ್ನೂ ಮುಟ್ಟುವಂತಿಲ್ಲ. ಓದುಗರು ಈ ನೇಮವನ್ನು ದಯವಿಟ್ಟು ಜ್ಞಾಪಕದಲ್ಲಿಡಬೇಕು. ನನ್ನ ಅರ್ಧ ತಲೆಗೂದಲು ಬೆಳ್ಳಗಾದದ್ದು ಇದರಿಂದ.

ಗುರುಗಳ ಮನೆ ಶೆಡ್ಡಿನ ಹಿಂದಿನ ಬೀದಿಯಲ್ಲೇ ಇದ್ದುದರಿಂದ ಪಾಠ ಹೊತ್ತು ಮೀರಿದಾಗ ನಮ್ಮ ಹೊಟ್ಟೆಯ ಚಿಂತೆ ಅವರ ಪತ್ನಿಯ ಪಾಲಿಗೆ ಬರುತ್ತಿತ್ತು. ನಾವೆಲ್ಲರೂ ಅಮ್ಮ ಎಂದೇ ಕರೆಯುವ ಆ ತಾಯಿ ಒಂದು ನೀಲಿ ಡಬ್ಬಿಯಿಂದ ಬಿಸ್ಕತ್ತು ತೆಗೆದು ಕೊಡುತ್ತಿದ್ದರು. ಡಬ್ಬಿಗೆ ಮುಚ್ಚಳವಿರಲಿಲ್ಲ, ಮೇಲೊಂದು ಸಾಸರು ಬೋರಲು ಹಾಕಿರುತ್ತಿದ್ದರು. ಪ್ರತಿ ಹೊಸ ತಂಡಕ್ಕೂ ಅವರು ಅದರ ಚರಿತ್ರೆಯನ್ನು ತಪ್ಪದೆ ಹೇಳುತ್ತಿದ್ದರು: ಡಬ್ಬಿ ಒಮ್ಮೆ ತಂಗಿಯ ಮನೆಗೆ ಹೋಗಿತ್ತು, ಅಲ್ಲಿಂದ ಬಂದ ಮೇಲೆ ಮುಚ್ಚಳದ ಪತ್ತೆಯಿಲ್ಲ, ತಂಗಿಯ ಕೈಗೆ ಸಿಕ್ಕಿದ ವಸ್ತುವಿನ ಗತಿಯೇ ಅಷ್ಟು. ತಾನು ಮುಚ್ಚಳ ಸಮೇತ ಹಿಂತಿರುಗಿಸಿದ್ದೇನೆಂದು ತಂಗಿ ಹೇಳುತ್ತಲೇ ಇದ್ದರಂತೆ. ಅಕ್ಕತಂಗಿಯರ ಫೋನು ಮಾತುಕತೆ ಎಲ್ಲಿಂದ ಶುರುವಾದರೂ ಮುಚ್ಚಳಕ್ಕೆ ಬಂದು ನಿಲ್ಲುತ್ತಿತ್ತು. ಆಗ ಗುರುಗಳು ಸಾಸರಿನತ್ತ ನೋಡದೆ ಬಿಸ್ಕತ್ತು ತಿನ್ನುತ್ತಿದ್ದರೆಂಬುದು ಈಗ ನೆನಪಾಗುತ್ತಿದೆ.

ಗುರುಗಳ ಉಪಕಾರಗಳನ್ನು ಬರೆಯಹೊರಟರೆ ಈ ಸಂಪುಟ ಸಾಲದು. ಒಂದನ್ನು ಮಾತ್ರ ಹೇಳಿಬಿಡುತ್ತೇನೆ. ನನ್ನ ಅಜ್ಜಿ ಹಾಸಿಗೆ ಹಿಡಿದಾಗ ನಾನು ಕಲಿಕೆಯನ್ನು ಬಿಟ್ಟುಬಿಡುವ ಯೋಚನೆಯಲ್ಲಿದ್ದೆ. ಗುರುಗಳು ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ನೋಡುವ ನೆಪ ಮಾಡಿಕೊಂಡು ನಮ್ಮ ಮನೆಗೆ ಬಂದರು. ರೆಗ್ಯುಲೇಟರ್ ಸರಿಯಾಗಿಯೇ ಇತ್ತು. ಅವರು ಅಜ್ಜಿಯ ಮಂಚದ ಪಕ್ಕದಲ್ಲಿ ಕುಳಿತು, ಏಳು ಸಮುದ್ರದಾಚೆಯ ಗಿಣಿಯೊಳಗೆ ಪ್ರಾಣವನ್ನು ಬಚ್ಚಿಟ್ಟಿದ್ದ ರಾಕ್ಷಸನ ಕತೆಯನ್ನು ಪೂರ್ತಿ ಕೇಳಿದರು. ಕೇಳಿ ಸುಮ್ಮನಿರುವ ಜಾಯಮಾನವೇ ಅವರದು? ಪ್ರಾಣ ಗಿಣಿಯಲ್ಲೇ ಇತ್ತು ಅನ್ನೋದಕ್ಕೆ ಪುರಾವೆ ಏನು ಎಂದು ಕೇಳಿಯೇಬಿಟ್ಟರು. ಅಜ್ಜಿ ದಿಂಬಿನಿಂದ ತಲೆಯೆತ್ತಿ, "ಅಯ್ಯೋ ಮಂಕೇ, ಗಿಣಿ ಕತ್ತು ಹಿಚುಕಿದ ತಕ್ಷಣ ಇವನು ಸತ್ತನಲ್ಲಪ್ಪ, ಇನ್ನೇನು ಬೇಕು ನಿಂಗೆ?" ಎಂದರು. ಗುರುಗಳು ಒಪ್ಪಿದೆ ಎಂದು ಕೈಮುಗಿದರು. ಅವರನ್ನು ವಾದದಲ್ಲಿ ಗೆದ್ದವರು ನನಗೆ ತಿಳಿದಂತೆ ಅಜ್ಜಿಯೊಬ್ಬರೇ. ಎದ್ದು ಹೊರಡುವಾಗ, ನಾಳೆ ಇವಳನ್ನು ಶೆಡ್ಡಿಗೆ ಕಳಿಸಿಕೊಡಿ ಎಂದಷ್ಟೇ ಹೇಳಿದರು. ಅಜ್ಜಿ ಕಳಿಸಿದರು. ಕಲಿಕೆ ಮುಗಿಸಿದ ನಾನು ಅದೇ ವಿಭಾಗದಲ್ಲಿ ಕಿರಿಯ ಬೋಧಕಿಯಾದೆ.

ಇನ್ನು ಕಾರಿನ ವಿಚಾರ. ಈ ವರ್ಷದ ಆರಂಭದಲ್ಲಿ ಅಮ್ಮನವರ ತಂಗಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಿಂದ ಅವರನ್ನು ಗುಡ್ಡದ ಮೇಲಿನ ಅವರ ಮನೆಗೆ ತಲುಪಿಸುವ ಭಾರವನ್ನು ಗುರುಗಳು ತಾವಾಗಿಯೇ ಹೊತ್ತರು. ಅರ್ಧ ಏರಿನಲ್ಲಿ ಕಾರು ಕುದಿಯಿತು. ಹೊಸ ಮೊಣಕಾಲಿನ ಆ ಹೆಂಗಸು ಕೋಲೂರಿಕೊಂಡು ರಸ್ತೆಬದಿಯಲ್ಲಿ ನಿಂತರು. ಕೊನೆಗೆ ತರಕಾರಿ ಸಾಗಿಸುವ ಗಾಡಿಯಲ್ಲಿ ಸೌತೆಕಾಯಿ ಮೂಟೆಗಳ ನಡುವೆ ಮನೆ ಸೇರಿದರು. ಭಾವನ ಕಾರು ಚಹಾ ಕಾಯಿಸಲು ಒಳ್ಳೆಯದು ಎಂಬ ಅವರ ಮಾತು ನೆಂಟರಿಷ್ಟರಲ್ಲೆಲ್ಲ ಹಬ್ಬಿತು. ಹೀಗಿರಲು ನಿವೃತ್ತಿಯ ಸಮಾರಂಭ ಗೊತ್ತಾಯಿತು, ವೇದಿಕೆಯಲ್ಲಿ ದಂಪತಿಗಳನ್ನು ಸನ್ಮಾನಿಸುವುದೆಂದು ನಿರ್ಧಾರವೂ ಆಯಿತು. ಅಮ್ಮ ನನ್ನೆದುರೇ ತೀರ್ಪು ಕೊಟ್ಟರು.

"ನನ್ನ ಕಡೆಯೋಳು ಅಂತ ಇರೋದು ಅವಳೊಬ್ಬಳೇ. ಅವಳನ್ನ ಇದೇ ಕಾರಲ್ಲಿ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ವೇದಿಕೆ ಮೇಲೆ ನೀವೊಬ್ರೇ ಕೂತ್ಕೊಳ್ಳಿ."

ಬಾಡಿಗೆ ಕಾರು ಮಾಡಬಹುದಲ್ಲ ಎಂದು ಗುರುಗಳು ಮೆಲ್ಲಗೆ ಅಂದರು.

"ಬಾಡಿಗೆ ಕಾರಲ್ಲಿ ಓಡಾಡೋಕೆ ಕಾರಿನ ಮೇಷ್ಟ್ರನ್ನ ಯಾಕ್ರೀ ಕಟ್ಕೋಬೇಕಿತ್ತು ನಾನು?"

ಫ್ಯಾನು ತಿರುಗಿಸಿಯೇ ಕರೆದೊಯ್ಯುತ್ತೇನೆಂದು ಗುರುಗಳು ಮಾತು ಕೊಟ್ಟರು. ಅವರ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ ತಪ್ಪಿಗೆ ಆ ಮಾತು ನನ್ನ ತಲೆಗೂ ಬಂತು.

ಮುಂದಿನ ವಾರಗಳನ್ನು ಕೃತಜ್ಞತಾಪೂರ್ವಕವಾಗಿ ಸ್ಮರಿಸಬೇಕೆಂಬುದು ಇಂಥ ಲೇಖನದ ಮರ್ಯಾದೆ. ನನ್ನಿಂದಾಗದು. ಶೆಡ್ಡಿಗೆ ಕಾರು ತರುವುದು, ಬಾನೆಟ್ ತೆರೆಯುವುದು, ಬ್ಯಾಟರಿ ಎತ್ತಿ ಉಜ್ಜಿ ಅದುಮಿ ಕೂರಿಸುವುದು, ಎಂಜಿನ್ ಕಾಯಿಸುವುದು. ನೀರು ಬಿಸಿಯಾದೊಡನೆ ರಿಲೇ 'ಟಕ್' ಎಂದು, ಎರಡೂ ಫ್ಯಾನುಗಳು ಭರ್ರನೆ ತಿರುಗುವುದು. ಕಾಗದ ಜಾಲರಿಗೆ ಅಂಟಿಕೊಳ್ಳುವುದು. ಏರಿಗೆ ಒಯ್ದರೆ ಎರಡೂ ಮುಷ್ಕರ. ಅಲ್ಲಿ ಬಾನೆಟ್ ಎತ್ತದೆ ನೂಕಿ ತಿರುಗಿಸಿ, ಇಳಿಜಾರಿನಲ್ಲಿ ತಣ್ಣಗೆ ಶೆಡ್ಡಿಗೆ ತಂದು, ಬ್ಯಾಟರಿ ಉಜ್ಜಿ ಕೂರಿಸಿದರೆ ಮತ್ತೆ ಭರ್ರ್. ಫ್ಯೂಸು ನೋಡಿದೆವು, ಸರಿಯಿತ್ತು. ಹಾರನ್ನಿನ ರಿಲೇಯನ್ನು ಕಿತ್ತು ಫ್ಯಾನಿಗೆ ಹಾಕಿದೆವು, ಅದೇ ಕತೆ. ಫ್ಯಾನಿಗೆ ಬ್ಯಾಟರಿಯಿಂದ ನೇರವಾಗಿ ಎರಡು ವೈರು ಎಳೆದೆವು, ಮೋಟಾರು ಚಿನ್ನದಂಥದು. ಮೀಟರಿಟ್ಟರೆ ಇರಬೇಕಾದಷ್ಟು ವೋಲ್ಟೂ ಇತ್ತು. ಸೆನ್ಸರನ್ನಾದರೂ ಬದಲಿಸೋಣವೆಂದು ನಾನು ಬೇಡಿಕೊಂಡೆ. ಪುರಾವೆ? ಹೊಸ ವೈರು ಎಳೆಯೋಣವೆಂದೆ. ಪುರಾವೆ? ವೈದ್ಯರ ಮುಂದೆ ಗಟ್ಟಿಮುಟ್ಟಾಗಿದ್ದು ಮನೆಗೆ ಹೋಗಿ ನರಳುವ ರೋಗಿಯಂಥ ಈ ಕಾರನ್ನು ಗುಜರಿಗೆ ಹಾಕೋಣವೆಂದು ಮನಸ್ಸಿನಲ್ಲೇ ಅಂದುಕೊಂಡೆ. ಗುರುಗಳು ಸ್ಟೂಲಿನ ಮೇಲೆ ಗಲ್ಲಕ್ಕೆ ಕೈಯೂರಿ ಕುಳಿತು, "ಗಿಣಿ ಎಲ್ಲೋ ಇದೆ ಕಣಮ್ಮ" ಎನ್ನುತ್ತಿದ್ದರು. ಅಷ್ಟರಲ್ಲಿ ಅಮ್ಮ ಬಾಗಿಲಲ್ಲಿ ನಿಂತು, ಗಿಣಿ ಸಿಗುವಷ್ಟರಲ್ಲಿ ನಿಮ್ಮ ನಿವೃತ್ತಿಯೂ ಮುಗಿದು ಹೋಗುತ್ತದೆ ಎಂದು ಹೇಳಿ ಹೋಗುತ್ತಿದ್ದರು. ಇತ್ತ ಸಂಪಾದಕರು ಫೋನು ಮಾಡಿ, ಲೇಖನ ಎಲ್ಲಿಗೆ ಬಂತು ಎಂದು ಕೇಳುವರು. ಅರ್ಧ ಏರಿಗೆ ಎಂದು ಹೇಳಬೇಕೆನಿಸುತ್ತಿತ್ತು.

ಮೊನ್ನೆ ಬೆಳಗ್ಗೆ ಅಮ್ಮ ಹೊಸ ಸೀರೆಯುಟ್ಟು, ತಂಗಿಗೆ ಕೊಡಬೇಕಾದ ಆಹ್ವಾನ ಪತ್ರಿಕೆಯನ್ನು ಚೀಲದಲ್ಲಿಟ್ಟುಕೊಂಡು, ಹೊರಡಿ ಎಂದು ಹೇಳಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತೇಬಿಟ್ಟರು. ಈ ಸಲ ಕುದಿದರೆ ತಂಗಿಗೆ ಪತ್ರಿಕೆಯನ್ನು ಅಂಚೆಯಲ್ಲಿ ಕಳಿಸುವುದೆಂದೂ, ತಾವು ಸಮಾರಂಭದ ದಿನ ತಂಗಿಯ ಮನೆಯಲ್ಲಿರುವುದೆಂದೂ ಅವರ ತೀರ್ಮಾನ. ಗುರುಗಳ ಪಕ್ಕದಲ್ಲಿ ನಾನೂ ಕುಳಿತು ಹೊರಟೆವು. ಅರ್ಧ ಏರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿತು. ಗುರುಗಳು ಕಾರನ್ನು ಬದಿಗೆ ನಿಲ್ಲಿಸಿದರು. ಎಂಜಿನ್ ಆರಿಸಿ, ಹಬೆ ಅಡಗಿದ ಮೇಲೆ ಬಾನೆಟ್ ಎತ್ತಿದರು. ಎತ್ತಿದವರ ಕೈ ಅಭ್ಯಾಸಬಲದಿಂದ ಬ್ಯಾಟರಿಯತ್ತ ಹೋಯಿತು.

ನನಗೆ ಹೊಳೆದದ್ದು ಆಗ. ಶೆಡ್ಡಿನಲ್ಲಿ ಮಾಡಿ ಏರಿನಲ್ಲಿ ಮಾಡದೆ ಬಿಟ್ಟ ಕೆಲಸ ಅದೊಂದೇ. ಪ್ರತಿ ಸಲ ಬ್ಯಾಟರಿ ಎತ್ತಿ ಅದುಮಿ ಕೂರಿಸಿದಾಗ ಅದರ ಕೆಳಗಿನ ಏನೋ ಒಂದು ಅಲುಗಿ ಸರಿಹೋಗುತ್ತಿತ್ತು, ದಾರಿಯ ಕುಲುಕಾಟಕ್ಕೆ ಮತ್ತೆ ತಪ್ಪುತ್ತಿತ್ತು. ಪರೀಕ್ಷೆಗೆ ಮೊದಲೇ ರೋಗಕ್ಕೆ ಮದ್ದು ಹಾಕಿ, ಆಮೇಲೆ ರೋಗವನ್ನು ಹುಡುಕುತ್ತಿದ್ದೆವು.

"ಸರ್, ಬ್ಯಾಟರಿ ಮುಟ್ಬೇಡಿ" ಎಂದೆ. ಗುರುಗಳಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು.

ಚಾವಿ ಮಾತ್ರ ತಿರುಗಿಸಿಟ್ಟು, ಅವರು ಕೊಟ್ಟಿದ್ದ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಾರಿನ ಮೈಗೆ ಮುಟ್ಟಿಸಿದೆ. ಬಲ್ಬು ಉರಿಯಿತು. ಅದೇ ತುದಿಯನ್ನು ಫ್ಯಾನುಗಳ ಕಪ್ಪು ವೈರಿಗೆ ಮುಟ್ಟಿಸಿದೆ. ಉರಿಯಲಿಲ್ಲ. ದೂತ ಮನೆಗೆ ಮರಳುವ ದಾರಿ ಕಡಿದಿತ್ತು. ಆ ದಾರಿ ಮುಗಿಯುವುದು ಬ್ಯಾಟರಿಯ ತಟ್ಟೆಯ ಅಂಚಿನಡಿಯ ಒಂದು ಬೋಲ್ಟಿನಲ್ಲಿ. ನಾನು ಸ್ಪ್ಯಾನರಿಗೆ ಕೈ ಚಾಚಿದೆ.

"ಅದು ಬೇಡ. ಅದು ನಾನೇ ಕೈಯಾರೆ ಬಿಗಿ ಮಾಡಿದ್ದು" ಎಂದರು ಗುರುಗಳು.

"ಪುರಾವೆ, ಸರ್?"

ಗುರುಗಳು ನನ್ನ ಮುಖವನ್ನೂ ಬೋಲ್ಟನ್ನೂ ನೋಡಿ ಸ್ಪ್ಯಾನರ್ ಕೊಟ್ಟರು. ಬೋಲ್ಟು ಕಿರುಗುಟ್ಟುತ್ತ ಬಂತು; ಅದರ ಮರೆ, ಅಂದರೆ ತಿರುಪಿನ ಸುತ್ತುಗಳೆಲ್ಲ, ತುಕ್ಕು. ಕಪ್ಪು ವೈರಿನ ಉಂಗುರವನ್ನು ಎತ್ತಿದರೆ, ಅದಕ್ಕೂ ಕಬ್ಬಿಣಕ್ಕೂ ನಡುವೆ ಅಂದವಾಗಿ ದುಂಡಗೆ ಕತ್ತರಿಸಿದ ಒಂದು ನೀಲಿ ಬಿಲ್ಲೆ.

ಗುರುಗಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ನೆನಪಿಸಿಕೊಂಡು, ತರಗತಿಯಲ್ಲಿ ಹೇಳುವಷ್ಟೇ ಗಂಭೀರವಾಗಿ ಹೇಳಿದರು. ನನಗಿಂತ ಎಷ್ಟೋ ಹಿಂದಿನ ಒಂದು ತಂಡದ ಪರೀಕ್ಷೆಗೆ ಅವರೇ ಅದನ್ನು ಅಲ್ಲಿಟ್ಟಿದ್ದರು. ಆದರೆ ಕರೆಂಟು ಬಿಲ್ಲೆಯನ್ನು ತಪ್ಪಿಸಿಕೊಂಡು ಬೋಲ್ಟಿನ ಮರೆಗಳ ಮೂಲಕವೇ ಹರಿದು, ಫ್ಯಾನು ತಿರುಗಿಬಿಟ್ಟಿತ್ತು. ಈ ದೋಷ ಫಲಿಸಲಿಲ್ಲವೆಂದುಕೊಂಡು ಅವಸರದಲ್ಲಿ ಬೇರೆಲ್ಲೋ ಇನ್ನೊಂದನ್ನಿಟ್ಟರು. ಇದನ್ನು ತೆಗೆಯಲು ಮರೆತರು. ಮರೆಗಳಿಗೆ ತುಕ್ಕು ಹಿಡಿಯುವವರೆಗೆ ಅದು ಮಲಗಿತ್ತು. ಎಷ್ಟೋ ತಂಡಗಳಿಗೆ ಪಾಠ ಮಾಡಿದ ಈ ಕಾರಿನಲ್ಲಿ ಆ ಒಂದು ಬೋಲ್ಟನ್ನು ಮಾತ್ರ ಪುರಾವೆಯಿಲ್ಲದೆ ನಂಬಿದ್ದರು.

ಹಿಂದಿನ ಬಾಗಿಲು ತೆರೆಯಿತು. ಅಮ್ಮ ಇಳಿದು ಬಂದು, ನನ್ನ ಅಂಗೈಯಲ್ಲಿದ್ದ ಬಿಲ್ಲೆಯನ್ನು ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದರು. ಅದರ ಮೇಲೆ ಸಣ್ಣ ಹೂವಿನ ಅಚ್ಚಿನ ಅರ್ಧ ಎಸಳಿತ್ತು.

"ಇದು ನನ್ನ ಡಬ್ಬಿ ಮುಚ್ಚಳ" ಎಂದರು.

ಗುರುಗಳು ಕೆಮ್ಮಿದರು. ಅವರ ಶಿಷ್ಯರಾದ ನಾವು ಇಷ್ಟು ವರ್ಷ ಗೆಲುವಿನ ಗುರುತೆಂದು ಜೋಪಾನ ಮಾಡಿದ ಬಿಲ್ಲೆಗಳೆಲ್ಲ ಯಾವ ಖಜಾನೆಯಿಂದ ಬಂದವೆಂದು ಆ ಏರಿನಲ್ಲಿ ತಿಳಿಯಿತು. ಅಮ್ಮ ಗಂಡನಿಗೆ ಏನನ್ನೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತೆಂದು ಗುರುಗಳು ಆಮೇಲೆ ನನ್ನಲ್ಲಿ ಒಪ್ಪಿಕೊಂಡಿದ್ದಾರೆ. ಬಿಲ್ಲೆಯನ್ನು ಚೀಲಕ್ಕೆ ಹಾಕಿಕೊಂಡು ಅವರು ಹೋಗಿ ಸೀಟಿನಲ್ಲಿ ಕುಳಿತರು. ನಾನು ಕಬ್ಬಿಣವನ್ನು ಹೊಳೆಯುವಂತೆ ಉಜ್ಜಿದೆ. ಗುರುಗಳು ಪೆಟ್ಟಿಗೆಯಿಂದ ಹೊಸ ಬೋಲ್ಟು ಹುಡುಕಿ, ಕಪ್ಪು ವೈರಿನ ಉಂಗುರವನ್ನು ಬರಿಯ ಕಬ್ಬಿಣದ ಮೇಲೆ ಕೂರಿಸಿ, ಬಿಗಿದು, ಬಲ್ಬಿಟ್ಟು ಪರೀಕ್ಷಿಸು ಎಂದು ನನಗೇ ಹೇಳಿದರು. ಉರಿಯಿತು. ಎಂಜಿನ್ ಪೂರ್ತಿ ತಣಿದ ಮೇಲೆ ನೀರು ತುಂಬಿಸಿ ಹೊರಟೆವು.

ಇಲ್ಲಿ ನಾನು ಶುಭ ಹಾರೈಸಬೇಕು. ಮುಂದೆ ಅದಕ್ಕೆ ಎಡೆ ಸಿಗಲಾರದು. ನಮ್ಮ ಪಾಲಿನ ಸಹನೆಯನ್ನೆಲ್ಲ ಖರ್ಚು ಮಾಡಿಸಿ, ಪ್ರತಿಯಾಗಿ ನಮ್ಮ ಕೈಗೊಂದು ಬದುಕು ಕೊಟ್ಟ ಗುರುಗಳು ಇನ್ನೂ ದೀರ್ಘಕಾಲ ಆರೋಗ್ಯದಿಂದಿದ್ದು, ನಿವೃತ್ತಿಯ ಮರುದಿನವೇ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕುಳಿತು ಪುರಾವೆ ಕೇಳುತ್ತಿರಲಿ. ಅವರಿಗಾಗಿ ಆ ಸ್ಟೂಲನ್ನು ಅಲ್ಲಿಯೇ ಇಟ್ಟಿರುತ್ತೇನೆ. ಅಮ್ಮನವರ ಅಡುಗೆಮನೆಯ ಉಳಿದ ಮುಚ್ಚಳಗಳು ಕ್ಷೇಮವಾಗಿರಲಿ.

ಕಾರು ಗುಡ್ಡದ ತುದಿಯನ್ನು ಮುಟ್ಟಿ ತಂಗಿಯ ಮನೆಯ ಗೇಟಿನ ಮುಂದೆ ನಿಂತಿತು. ಅವರು ಕೋಲೂರಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ಹಬೆಯೇ ಬರದ ಕಾರನ್ನು ಗುಮಾನಿಯಿಂದ ನೋಡುತ್ತಿದ್ದರು. ಗುರುಗಳು ಎಂಜಿನ್ ಆರಿಸಲಿಲ್ಲ. ನಿಂತ ಕಾರಿನಲ್ಲಿ ಮುಳ್ಳು ಮೆಲ್ಲಗೆ ಮೇಲೇರತೊಡಗಿತು. ಅಮ್ಮ ಇಳಿದು ಹೋಗಿ ನೀಲಿ ಬಿಲ್ಲೆಯನ್ನು ತಂಗಿಯ ಅಂಗೈಯಲ್ಲಿಟ್ಟರು.

"ಏನೇ ಇದು, ಅಕ್ಕಾ?"

"ಮುಚ್ಚಳ. ನೀನು ಕೊಟ್ಟಿದ್ದೆ. ನಾನೇ ಸುಮ್ನೆ ನಿನ್ನ ಅಂದೆ."

ತಂಗಿ ಬಿಲ್ಲೆಯನ್ನು ತಿರುಗಿಸಿ ನೋಡುತ್ತಿರುವಷ್ಟರಲ್ಲಿ ಕಾರಿನೊಳಗೆ 'ಟಕ್' ಎಂದಿತು. ಎರಡೂ ಫ್ಯಾನುಗಳು ಭರ್ರನೆ ಎದ್ದವು. ಮುಳ್ಳು ನಿಂತಿತು, ಸ್ವಲ್ಪ ಹೊತ್ತಿಗೆ ಹಿಂದಕ್ಕೆ ಸರಿಯಿತು. ಗುರುಗಳು ಕೆಳಗಿಳಿದು, ಕಾಗದ ಎಂದು ನನ್ನತ್ತ ಕೈ ಚಾಚಿದರು. ನನ್ನ ಬಳಿ ಇರಲಿಲ್ಲ. ಅವರು ಅಮ್ಮನ ಚೀಲದಿಂದ ಆಹ್ವಾನ ಪತ್ರಿಕೆಯನ್ನು ತೆಗೆದು ಕಾರಿನ ಮೂತಿಯ ಜಾಲರಿಗೆ ಹಿಡಿದು ಕೈಬಿಟ್ಟರು. ಅದು ಅಂಟಿಕೊಂಡು ನಿಂತಿತು.

"ಆಹ್ವಾನ ಯಾರಿಗೆ ಭಾವ, ನಂಗೋ ಕಾರಿಗೋ?" ಎಂದರು ತಂಗಿ.

ಕೋಲೂರಿಕೊಂಡು ಒಂದೊಂದೇ ಮೆಟ್ಟಿಲಿಳಿದು ಬಂದು, ಜಾಲರಿಯಿಂದ ಪತ್ರಿಕೆಯನ್ನು ತಾವೇ ಬಿಡಿಸಿಕೊಂಡರು.